ಶಿರಸ್ತೇದಾರರ ಪ್ರಾಣಾಯಾಮ

ನಜರ್‌ಬಾದಿನ ಶಿರಸ್ತೇದಾರ್ ಮರಿಸ್ವಾಮಿಯವರ ಕೋಪಕ್ಕೆ ಒಂದು ವೇಳಾಪಟ್ಟಿ ಇತ್ತು. ಬೆಳಿಗ್ಗೆ ಆರಕ್ಕೆ ಸ್ನಾನದ ನೀರಿನ ಮೇಲೆ, ಒಂಬತ್ತಕ್ಕೆ ಕೋಟಿನ ಗುಂಡಿಯ ಮೇಲೆ, ಸಂಜೆ ಆರೂಕಾಲಿಗೆ ಕಾಫಿಯ ಮೇಲೆ. ನಡುವಿನ ಹೊತ್ತನ್ನು ಕಚೇರಿಯ ಗುಮಾಸ್ತರಿಗೆ ಮೀಸಲಿಟ್ಟಿದ್ದರು. ಇಡೀ ಕಚೇರಿಯಲ್ಲಿ ಹೇಳಿದ ಹೊತ್ತಿಗೆ ಸರಿಯಾಗಿ ನಡೆಯುವುದು ಇದೊಂದೇ ಎಂದು ಆ ಗುಮಾಸ್ತರು ಆಡಿಕೊಳ್ಳುತ್ತಿದ್ದರು, ಅವರ ಕಿವಿಗೆ ಬೀಳದಷ್ಟು ದೂರ ನಿಂತು.

ಹೆಂಡತಿ ಚಾಮುಂಡಮ್ಮನಿಗೆ ಈ ಪಟ್ಟಿ ಬಾಯಿಪಾಠವಾಗಿತ್ತು. ಬಾಯಿಪಾಠ ಅಂದರೂ ತಪ್ಪೇ, ಮೈಪಾಠ ಅನ್ನಬೇಕು. ಸಂಜೆ ಗೇಟಿನ ಹತ್ತಿರ ಜೋಡಿನ ಸಪ್ಪಳ ಕೇಳುವ ಮೊದಲೇ ಅವಳ ಹೊಟ್ಟೆಯೊಳಗೆ ಬಿಸಿಬಿಸಿಯಾಗಿ ಏನೋ ಹೊರಳುತ್ತಿತ್ತು. ಬಾಯಿ ಒಣಗುತ್ತಿತ್ತು, ಕೈ ನಡುಗುತ್ತಿತ್ತು. ನಡುಗುವ ಕೈಯಿಂದ ಲೋಟ ಜಾರುತ್ತಿತ್ತು. ಲೋಟ ಬಿದ್ದದ್ದಕ್ಕೆ ಅವರಿಗೆ ಕೋಪ ಬರುತ್ತಿತ್ತು, ಆ ಕೋಪಕ್ಕೆ ಅವರೂ ಒಂದು ಲೋಟ ಎಸೆಯುತ್ತಿದ್ದರು. ಮದುವೆಯಾಗಿ ಇಪ್ಪತ್ತೆರಡು ವರ್ಷ ಕಳೆದಿತ್ತು. ಆ ಮನೆಯಲ್ಲಿ ಸೊಟ್ಟಗಾಗದ ಲೋಟ ಒಂದೂ ಉಳಿದಿರಲಿಲ್ಲ.

ಇವೆಲ್ಲ ದಿನದ ಕೋಪಗಳಾಯಿತು. ಇವಕ್ಕೆಲ್ಲ ಹಿರಿಯಣ್ಣನಂಥ ಕೋಪ ಇನ್ನೊಂದಿತ್ತು. ಅದಕ್ಕೆ ಹೊತ್ತು ಗೊತ್ತು ಇರಲಿಲ್ಲ, ಇಪ್ಪತ್ನಾಲ್ಕು ಗಂಟೆಯೂ ಚಾಲ್ತಿಯಲ್ಲಿರುತ್ತಿತ್ತು. ಅದು ಹಿನಕಲ್ಲಿನ ಮಾವನ ಮನೆಯ ಮೇಲಿನ ಕೋಪ. ಕಾರಣ ಒಂದು ನಲ್ಲಿ ಮೂಳೆ.

ಮದುವೆಯ ಮಾರನೆಯ ದಿನ ಹಿನಕಲ್ಲಿನಲ್ಲಿ ಬೀಗರೂಟ ನಡೆದಿತ್ತು. ಕುರಿಯ ತೊಡೆಯ ನಲ್ಲಿ ಮೂಳೆ ಹೊಸ ಅಳಿಯನ ಎಲೆಗೇ ಬೀಳಬೇಕು, ಅದು ಅವರಲ್ಲಿ ವಾಡಿಕೆ. ಚಾಮುಂಡಮ್ಮನ ತಮ್ಮ ಹುಚ್ಚಣ್ಣನಿಗೆ ಆಗ ಹದಿನಾಲ್ಕು. ಮೊದಲ ಸಲ ಸೌಟು ಕೈಗೆ ಸಿಕ್ಕ ಸಂಭ್ರಮದಲ್ಲಿ ಅವನು ಆ ಮೂಳೆಯನ್ನು ಪಕ್ಕದಲ್ಲಿ ಕೂತಿದ್ದ ಹಿರಿಯಳಿಯ ಕಾಳಯ್ಯನ ಎಲೆಗೆ ಹಾಕಿಬಿಟ್ಟ. ಕಾಳಯ್ಯನಾದರೂ ಒಂದು ಕ್ಷಣ ತಡೆಯಬಾರದಿತ್ತೇ? ಜುರ್ರೆಂದು ಹೀರಿಯೇ ಬಿಟ್ಟ. ಮರಿಸ್ವಾಮಿಯವರು ಎಲೆ ಬಿಟ್ಟು ಎದ್ದರು. ಅತ್ತೆ ಬೆಟ್ಟಮ್ಮ ಕಾಲು ಹಿಡಿದಳು. ಮಾವ ಮಾರನೆಯ ದಿನವೇ ಇನ್ನೊಂದು ಕುರಿ ಕಡಿಸಿ, ನಾಲ್ಕು ನಲ್ಲಿ ಮೂಳೆಗಳನ್ನು ಪಾತ್ರೆಯಲ್ಲಿಟ್ಟು ಬಟ್ಟೆ ಕಟ್ಟಿ ಮೈಸೂರಿಗೆ ಕಳಿಸಿದ. ಪಾತ್ರೆ ಬಟ್ಟೆ ಬಿಚ್ಚದೆ ವಾಪಸ್ಸು ಹೋಯಿತು. "ಆ ಮನೆ ಹೊಸ್ತಿಲು ನಾನು ತುಳಿಯಲ್ಲ, ಇವಳೂ ತುಳಿಯಕೂಡದು. ತಾಯಿ ಚಾಮುಂಡಿ ಮೇಲಾಣೆ" ಎಂದರು ಮರಿಸ್ವಾಮಿ.

ನಜರ್‌ಬಾದಿನಿಂದ ಹಿನಕಲ್ಲಿಗೆ ಐದು ಮೈಲಿ. ಆ ಐದು ಮೈಲಿಯನ್ನು ಚಾಮುಂಡಮ್ಮ ಇಪ್ಪತ್ತೆರಡು ವರ್ಷ ದಾಟಲಿಲ್ಲ. ಚೊಚ್ಚಲ ಹೆರಿಗೆಗೂ ತವರಿಗೆ ಕಳಿಸಲಿಲ್ಲ. ಅಪ್ಪ ಸತ್ತಾಗ ಸುದ್ದಿಯನ್ನೇ ಮೂರು ದಿನ ತಡೆದು ಹೇಳಿದರು. ಮಗಳನ್ನು ಮಂಡ್ಯಕ್ಕೆ ಮದುವೆ ಮಾಡಿಕೊಟ್ಟಾಗ ಬೆಟ್ಟಮ್ಮ ಛತ್ರದ ಹೊರಗೆ ಹೂ ಮಾರುವವರ ಜೊತೆ ಕೂತು ಮೊಮ್ಮಗಳ ಮೆರವಣಿಗೆ ನೋಡಿ ಹೋದಳು. ಇನ್ನು ತಾಯಿ ಮಗಳು ಮಾತಾಡುತ್ತಿದ್ದದ್ದು ವರ್ಷಕ್ಕೆರಡು ಸಲ, ದೇವರಾಜ ಮಾರುಕಟ್ಟೆಯ ಸೊಪ್ಪಿನ ಸಾಲಿನಲ್ಲಿ. ಅವ್ವ ಸೊಪ್ಪಿನ ಕಂತೆಗಳ ಹಿಂದೆ, ಮಗಳು ಕೊಳ್ಳುವವಳ ಹಾಗೆ ಎದುರಿಗೆ. ಕಂತೆ ತಿರುಗಿಸಿ ತಿರುಗಿಸಿ ನೋಡುತ್ತಾ ಎಷ್ಟು ಮಾತು ಆಡಬಹುದೋ ಅಷ್ಟು. ಮೂಳೆ ತಿಂದ ಕಾಳಯ್ಯ ಸತ್ತು ಆರು ವರ್ಷವಾಗಿ ಅವನ ಮೂಳೆಯೇ ಮಣ್ಣಾಗಿತ್ತು. ಮರಿಸ್ವಾಮಿಯವರ ಕೋಪಕ್ಕೆ ಮಾತ್ರ ಒಂದು ನೆರೆಗೂದಲೂ ಬಂದಿರಲಿಲ್ಲ.

ಏಕೀಕರಣವಾಗಿ ರಾಜ್ಯ ದೊಡ್ಡದಾಯಿತು. ರಾಜ್ಯದ ಜೊತೆ ಕಡತಗಳು ದೊಡ್ಡವಾದವು, ಕಡತಗಳ ಜೊತೆ ಶಿರಸ್ತೇದಾರರ ಕೋಪವೂ. ಒಂದು ದಿನ ರುದ್ರಸ್ವಾಮಿ ಎಂಬ ಗುಮಾಸ್ತ ಯಾವುದೋ ಕಡತದಲ್ಲಿ ಒಂದು ಹಾಳೆಯನ್ನು ತಲೆಕೆಳಗಾಗಿ ಹೊಲಿದಿದ್ದ. ಅವನನ್ನು ಬೈಯುತ್ತಾ ಬೈಯುತ್ತಾ ಮರಿಸ್ವಾಮಿಯವರು ಕಣ್ಣು ಕತ್ತಲೆಗಟ್ಟಿ, ವಾಕ್ಯ ಮುಗಿಯುವ ಮೊದಲೇ ಕುರ್ಚಿಗೆ ಕುಸಿದರು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿ, ಪಾದರಸ ಏರಿದ ಎತ್ತರ ನೋಡಿ, ತಾವೇ ಒಂದು ಹೆಜ್ಜೆ ಹಿಂದೆ ಸರಿದರು. "ಬ್ಲಡ್ ಪ್ರೆಷರ್ ಜಾಸ್ತಿ ಇದೆ. ಉಪ್ಪು ಬಿಡಿ, ಕೋಪ ಬಿಡಿ. ಇಲ್ಲದಿದ್ರೆ ನಾನು ಜವಾಬ್ದಾರನಲ್ಲ" ಎಂದರು.

ಉಪ್ಪು ಬಿಡುವುದು ಹೆಂಡತಿಯ ಕೈಲಿತ್ತು, ಅಂದು ಸಂಜೆಯೇ ಬಿಟ್ಟಾಯಿತು. ಕೋಪ ಬಿಡುವುದಕ್ಕೆ ಯೋಗ ಒಳ್ಳೆಯದೆಂದು ಯಾರೋ ಹೇಳಿದರು. ಮೈಸೂರಿನಲ್ಲಿ ಯೋಗ ಕಲಿಸುವವರಿಗೇನು ಬರ? ಬೀದಿಗೊಬ್ಬರು ತಲೆ ಕೆಳಗೆ ಮಾಡಿಕೊಂಡು ನಿಂತಿದ್ದರು. ಅವರಲ್ಲಿ ಷಡಕ್ಷರಿ ಎಂಬ ನಿವೃತ್ತ ಸಂಸ್ಕೃತ ಮೇಷ್ಟರೊಬ್ಬರು ಸಿಕ್ಕರು. ಕಡ್ಡಿಯಂಥ ಮೈ, ಕಡ್ಡಿ ಮುರಿದಂಥ ಮಾತು. ಶಿರಸ್ತೇದಾರರ ಹೊಟ್ಟೆಯನ್ನು ಒಮ್ಮೆ ನೋಡಿ, ಇವರಿಗೆ ಆಸನಗಳು ಬೇಡ, ಪ್ರಾಣಾಯಾಮ ಸಾಕು ಎಂದು ತೀರ್ಮಾನಿಸಿದರು. ನಾಲ್ಕು ಎಣಿಸುವ ತನಕ ಉಸಿರು ಎಳೆದುಕೊಳ್ಳಬೇಕು. ಹದಿನಾರು ಎಣಿಸುವ ತನಕ ಒಳಗೇ ಹಿಡಿದಿರಬೇಕು. ಎಂಟು ಎಣಿಸುತ್ತಾ ಬಿಡಬೇಕು. ದಿನಾ ಬೆಳಿಗ್ಗೆ ಅರ್ಧ ಗಂಟೆ.

ಎಣಿಕೆಯಲ್ಲೇ ಕೆಟ್ಟಿತು. ಆರೋ ಏಳೋ ಎಣಿಸುವಷ್ಟರಲ್ಲಿ ಮರಿಸ್ವಾಮಿಯವರಿಗೆ ತಲೆಕೆಳಗಾದ ಹಾಳೆ ನೆನಪಾಗಿ ಲೆಕ್ಕ ತಪ್ಪುತ್ತಿತ್ತು. ಹಾಗಾಗಿ ಎಣಿಸಲು ಹೆಂಡತಿಯನ್ನು ಕೂರಿಸಿಕೊಂಡರು. ಅವಳೋ, ಈ ಶಿಕ್ಷೆ ಬೇಗ ಮುಗಿದರೆ ಸಾಕೆಂದು ಒಂದರಿಂದ ಹದಿನಾರನ್ನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದಳು. ಅವರು ಕಣ್ಣು ಬಿಟ್ಟು ಅಬ್ಬರಿಸುತ್ತಿದ್ದರು. ಶಾಂತಿಗಾಗಿ ನಡೆಯುತ್ತಿದ್ದ ಆ ಅರ್ಧ ಗಂಟೆಯಲ್ಲಿ ಮನೆಯಲ್ಲಿ ಮೊದಲಿಗಿಂತ ಹೆಚ್ಚು ಗದ್ದಲವಾಗುತ್ತಿತ್ತು.

ಒಂದು ಭಾನುವಾರ ಷಡಕ್ಷರಿಯವರು ಶಿಷ್ಯನ ಪ್ರಗತಿ ನೋಡಲು ಮನೆಗೇ ಬಂದರು. ಎರಡು ನಿಮಿಷ ಕೇಳಿ, ಚಾಮುಂಡಮ್ಮನ ಕಡೆ ತಿರುಗಿದರು.

"ತಾಯಿ, ಬಾಯಲ್ಲಿ ಎಣಿಸಬೇಡಿ. ಬಾಯಿಗೆ ಭಯ ಜಾಸ್ತಿ, ಓಡುತ್ತೆ. ಅವರ ಜೊತೆ ನೀವೂ ಉಸಿರು ಎಳ್ಕೊಳ್ಳಿ, ನೀವೂ ಹಿಡೀರಿ, ನೀವೂ ಬಿಡಿ. ಲೆಕ್ಕಕ್ಕೆ ಬೆರಳಲ್ಲಿ ಮಣೆ ತಟ್ಟಿ. ತಾನೂ ಉಸಿರು ಹಿಡಿದವರ ಎಣಿಕೆ ತಪ್ಪೋದಿಲ್ಲ."

"ಅವಳಿಗ್ಯಾಕೆ ಸ್ವಾಮಿ ಯೋಗ?" ಎಂದರು ಮರಿಸ್ವಾಮಿ.

"ಯೋಗ ನಿಮಗೇ. ಅವರದು ಬರೀ ಎಣಿಕೆ" ಎಂದು ಷಡಕ್ಷರಿಯವರು ಸಮಾಧಾನ ಹೇಳಿದರು.

ಹಾಗೆ ಎಂಟು ತಿಂಗಳು ನಡೆಯಿತು. ಮರಿಸ್ವಾಮಿಯವರು ಜಿಂಕೆಯ ಚರ್ಮದ ಮೇಲೆ, ಚಾಮುಂಡಮ್ಮ ಬರಿ ನೆಲದ ಮೇಲೆ, ನಡುವೆ ಮಣೆ. ಎಣಿಕೆ ಒಂದು ಸಲವೂ ತಪ್ಪಲಿಲ್ಲ. ಒಂದು ದಿನ ಹದಿನಾರರಲ್ಲಿ ಹತ್ತನೆಯ ತಟ್ಟಿಗೆ ಚಾಮುಂಡಮ್ಮ ಅಕಸ್ಮಾತ್ ಕಣ್ಣು ಬಿಟ್ಟಳು. ಗಂಡನ ಮೂಗಿನ ಹೊಳ್ಳೆಗಳು ಮೆಲ್ಲಗೆ ಅರಳಿ ಮುಚ್ಚಿದವು. ಹನ್ನೆರಡಕ್ಕೆ ಮತ್ತೊಮ್ಮೆ. ಶಿರಸ್ತೇದಾರರು ಕದ್ದು ಉಸಿರಾಡುತ್ತಿದ್ದರು! ಮಾರನೆಯ ದಿನವೂ ನೋಡಿದಳು, ಅದರ ಮಾರನೆಯ ದಿನವೂ. ದಿನಾ ಹತ್ತಕ್ಕೊಂದು, ಹನ್ನೆರಡಕ್ಕೊಂದು. ಅವಳು ಏನೂ ಹೇಳಲಿಲ್ಲ. ಧೈರ್ಯ ಸಾಲದೆ ಅಲ್ಲ, ಅವಳ ಉಸಿರು ಒಳಗಿತ್ತು, ಇನ್ನೂ ನಾಲ್ಕು ತಟ್ಟು ಬಾಕಿ ಇತ್ತು.

ಕದ್ದರೇನು, ಮರಿಸ್ವಾಮಿಯವರಿಗೆ ಯೋಗದ ಫಲ ಸಿಕ್ಕಿತು. ಪಾದರಸ ಒಂದು ಬೆರಳಿನಷ್ಟು ಇಳಿಯಿತು. ಮಾಂಸ ಬಿಟ್ಟರು. ಹೆಗಲಿಗೆ ಶಲ್ಯ ಬಂತು, ಮಾತಿಗೆ ಸಂಸ್ಕೃತ ಬಂತು. ನೌಕರರ ಸಂಘದಲ್ಲಿ 'ನಾನು ಕೋಪವನ್ನು ಗೆದ್ದ ಬಗೆ' ಎಂದು ಒಂದು ಗಂಟೆ ಭಾಷಣ ಮಾಡಿದರು. ನಡುವೆ ಎದ್ದು ಹೋದ ಇಬ್ಬರ ಹೆಸರನ್ನು ಗುರುತು ಹಾಕಿಟ್ಟುಕೊಂಡರು. ಕೋಪವೇನೂ ಹೋಗಿರಲಿಲ್ಲ, ಪೋಷಾಕು ಬದಲಾಯಿಸಿತ್ತು ಅಷ್ಟೆ. ಮೊದಲು ಕಾಫಿ ಕೆಟ್ಟರೆ ಲೋಟ ಹಾರುತ್ತಿತ್ತು. ಈಗ ಲೋಟವನ್ನು ಒಂದೇ ಬೆರಳಿನಲ್ಲಿ ದೂರ ತಳ್ಳಿ, ಕಣ್ಣು ಮುಚ್ಚಿ, ರಾತ್ರಿ ಮಲಗುವ ತನಕ ಒಂದು ಮಾತಾಡದೆ ಮುಗುಳ್ನಗುತ್ತಾ ಕೂರುತ್ತಿದ್ದರು. ಕಚೇರಿಯಲ್ಲಿ ಮೊದಲು ಬೈದು ಮರೆಯುತ್ತಿದ್ದವರು ಈಗ ನಕ್ಕು ಕಡತದಲ್ಲಿ ಷರಾ ಬರೆಯುತ್ತಿದ್ದರು. "ಸ್ವಾಮಿ, ನಮಗೆ ಹಳೇ ಶಿರಸ್ತೇದಾರರನ್ನೇ ವಾಪಸ್ ಕೊಡ್ಸಿ, ಪುಣ್ಯ ಬರುತ್ತೆ" ಎಂದು ರುದ್ರಸ್ವಾಮಿ ದಾರಿಯಲ್ಲಿ ಷಡಕ್ಷರಿಯವರ ಕೈ ಹಿಡಿದುಕೊಂಡನಂತೆ.

ಚಾಮುಂಡಮ್ಮನಲ್ಲಿ ಆದದ್ದನ್ನು ಯಾರೂ ಗಮನಿಸಲಿಲ್ಲ, ಚಾಮುಂಡಮ್ಮನೂ ಗಮನಿಸಲಿಲ್ಲ. ಹೇಳಿದವಳು ಪಕ್ಕದ ಮನೆಯ ಲೂರ್ದುಮೇರಿ. ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುತ್ತಿದ್ದ ಅವಳಿಗೆ ಕಾಯಿಲೆ ಇದ್ದವರೂ ಗೊತ್ತಾಗುತ್ತಿದ್ದರು, ವಾಸಿಯಾದವರೂ ಗೊತ್ತಾಗುತ್ತಿದ್ದರು.

"ಏನ್ ಚಾಮುಂಡಮ್ನೋರೇ, ನಿಮ್ಮನೇಲಿ ಈಗ ಲೋಟ ಬೀಳೋ ಸದ್ದೇ ಇಲ್ವಲ್ಲ! ನಾನು ಆ ಸದ್ದು ಕೇಳ್ಕೊಂಡೇ ಡ್ಯೂಟಿಗೆ ಹೊರಡ್ತಿದ್ದೆ ಕಣ್ರೀ. ಈಗ ಗಡಿಯಾರ ನೋಡೋ ಹಂಗಾಗಿದೆ."

"ಅವ್ರು ಈಗ ಎಸೆಯಲ್ಲ."

"ಅವ್ರು ಎಸೆಯೋದಿರ್ಲಿ, ನೀವೂ ಬೀಳಿಸ್ತಿಲ್ವಲ್ಲ. ಯಾವ ಟಾನಿಕ್ ಕುಡೀತಿದೀರಿ?"

ಚಾಮುಂಡಮ್ಮ ನಲ್ಲಿಯ ಕೆಳಗೆ ಕೊಡವಿಟ್ಟು ಎರಡು ಕೈಗಳನ್ನೂ ಮುಂದೆ ಚಾಚಿ ನೋಡಿಕೊಂಡಳು. ಬೆರಳುಗಳು ಸುಮ್ಮನಿದ್ದವು. ಯೋಚಿಸಿದರೆ ರಾತ್ರಿ ನಿದ್ದೆಯೂ ಬರುತ್ತಿತ್ತು, ಉಂಡದ್ದು ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ಅವರ ಯೋಗದ ಪುಣ್ಯ ತನಗೂ ಒಂದಿಷ್ಟು ತಗುಲಿರಬೇಕು ಎಂದುಕೊಂಡಳು ಪಾಪ. ದೇವರ ಮುಂದೆ ಹಚ್ಚಿದ ಊದುಬತ್ತಿಯ ವಾಸನೆ ಅಡಿಗೆಮನೆಗೂ ಬರುವುದಿಲ್ಲವೇ?

ಹೀಗಿರುವಾಗ ಮಾಘದ ಒಂದು ಭಾನುವಾರ, ಇನ್ನೂ ಸರಿಯಾಗಿ ಬೆಳಕು ಹರಿಯದ ಹೊತ್ತಿಗೆ, ಹಿತ್ತಿಲ ಬಾಗಿಲಿಗೆ ಹುಚ್ಚಣ್ಣ ಬಂದ. ಈಗ ಅವನಿಗೂ ಮೂವತ್ತಾರು ದಾಟಿತ್ತು. ಮಾರುಕಟ್ಟೆಗೆ ತರಕಾರಿ ತಂದಾಗ ಹಿತ್ತಿಲಿನಲ್ಲಿ ಅಕ್ಕನಿಗೆ ನಾಲ್ಕು ಬದನೆಕಾಯಿ ಕೊಟ್ಟು ಹೋಗುವುದಿತ್ತು, ಒಳಗೆ ಕಾಲಿಡುವಂತಿರಲಿಲ್ಲ. ಅಂದು ಕೈ ಬರಿದಾಗಿತ್ತು.

"ಅಕ್ಕಾ, ಅವ್ವ ಮಲಗ್‌ಬುಟ್ಟವ್ಳೆ ಕಣಕ್ಕ. ಮೂರು ದಿನ್ದಿಂದ ಗಂಜಿನೂ ಗಂಟ್ಲಲ್ಲಿ ಇಳೀತಿಲ್ಲ. ಕಣ್ಣು ಬುಟ್ಟಾಗೆಲ್ಲ ಚಾಮಿ ಬಂದ್ಲಾ, ಚಾಮಿ ಬಂದ್ಲಾ ಅಂತವ್ಳೆ. ನಾನು ದಾರೀಲವ್ಳೆ ಕಣವ್ವಾ ಅಂತ ಸುಳ್ಳೇಳ್‌ಬುಟ್ಟು ಬಂದಿವ್ನಿ. ಗಾಡಿ ಆ ಮೂಲೇಲಿ ನಿಲ್ಸಿವ್ನಿ. ನೀನೇನಾರ ಮಾಡು, ಇವತ್ತು ಬಾ."

ಕದ್ದು ಹೋಗಬಹುದಿತ್ತು. ಆದರೆ ಇಪ್ಪತ್ತೆರಡು ವರ್ಷ ಸೊಪ್ಪಿನ ಕಂತೆಯ ಮರೆಯಲ್ಲಿ ಕದ್ದು ಕದ್ದು ನೋಡಿದ್ದ ಅವ್ವನನ್ನು ಸಾಯುವ ಹೊತ್ತಿನಲ್ಲೂ ಕದ್ದೇ ನೋಡುವುದು ಅವಳಿಗೆ ಬೇಡವಾಗಿತ್ತು. ಕೇಳಿಯೇ ಹೋಗುತ್ತೇನೆ ಎಂದುಕೊಂಡಳು. ಕೇಳಲು ಒಳ್ಳೆಯ ಹೊತ್ತು ಪ್ರಾಣಾಯಾಮ ಮುಗಿದ ಮೇಲೆ. ಆಗ ಅವರ ಮುಖದಲ್ಲಿ ಶಾಂತಿ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿರುತ್ತದೆ. ಅರ್ಧ ಗಂಟೆ ಮಣೆ ತಟ್ಟಿದಳು. ಕೊನೆಯ ಉಸಿರು ಬಿಟ್ಟಾದ ಮೇಲೆ ಹೇಳಿದಳು.

"ಅವ್ವಂಗೆ ತುಂಬಾ ಹುಷಾರಿಲ್ವಂತೆ. ಉಳಿಯೋ ಹಂಗೆ ಕಾಣ್ಲಿಲ್ಲ ಅಂದ ಹುಚ್ಚಣ್ಣ. ನಾನು ಹೋಗಿ ಬರ್ತೀನಿ."

ಮರಿಸ್ವಾಮಿಯವರು ಕಣ್ಣು ತೆರೆಯಲಿಲ್ಲ. ಮುಗುಳ್ನಕ್ಕರು. "ಹುಟ್ಟಿದ್ದು ಸಾಯಲೇಬೇಕು. ಮಮಕಾರ ಬಿಡು ಮಮಕಾರ ಬಿಡು ಅಂತ ಎಂಟು ತಿಂಗಳಿಂದ ಬಡ್ಕೋತಿದೀನಲ್ಲ."

"ಆ ಮೂಳೆ ವಿಷ್ಯ ನೀವಿನ್ನೂ ಬಿಟ್ಟಿಲ್ವಾ?"

"ಮಾಂಸಾನೇ ಬಿಟ್ಟವನಿಗೆ ಮೂಳೆ ಯಾತಕ್ಕೆ? ಯಾವತ್ತೋ ಮರ್ತಿದೀನಿ."

"ಹಂಗಾದ್ರೆ ಹೋಗಿ ಬರ್ತೀನಿ."

"ಮೂಳೆ ಮರ್ತಿದೀನಿ ಕಣೇ, ಮಾತು ಮರ್ತಿಲ್ಲ. ಚಾಮುಂಡಿ ಮೇಲೆ ಆಣೆ ಇಟ್ಟಿದೀನಿ. ಎದ್ದು ಹೋಗಿ ಕಾಫಿ ತಾ."

ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಅವರು ಕಣ್ಣು ಮುಚ್ಚಿಕೊಂಡೇ ಕಾದರು. ಇನ್ನು ಅವಳು ತಲೆ ತಗ್ಗಿಸುತ್ತಾಳೆ, ಬಳೆ ಗಿಲಗುಟ್ಟುತ್ತದೆ, ಅಡಿಗೆಮನೆಯಲ್ಲಿ ಏನಾದರೊಂದು ಬೀಳುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಬಳೆ ಸದ್ದಾಗಲಿಲ್ಲ. ಮಣೆಯ ಹತ್ತಿರದಿಂದಲೇ ಮತ್ತೆ ಅದೇ ದನಿ ಬಂತು.

"ಅವ್ವ ಸಾಯ್ತಿದಾಳೆ. ನಾನು ಹೋಗ್ಬೇಕು."

ಅಕ್ಕಿ ಎಷ್ಟು ಹಾಕಲಿ ಎಂದು ಕೇಳುವಾಗಿನ ದನಿ ಅದು. ಮರಿಸ್ವಾಮಿಯವರು ಕಣ್ಣು ಬಿಟ್ಟರು. ಹೆಂಡತಿಯ ಮುಖ ನೋಡಿದರು, ಆಮೇಲೆ ಕೈ ನೋಡಿದರು. ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಅದನ್ನೇ ಅವರಿಂದ ತಡೆಯಲಾಗಲಿಲ್ಲ. ಎದುರುತ್ತರ ಕೊಟ್ಟಿದ್ದರೆ ಸಹಿಸುತ್ತಿದ್ದರೇನೋ, ಅತ್ತಿದ್ದರೆ ಒಂದು ಶ್ಲೋಕ ಹೇಳಿ ಸುಮ್ಮನಾಗುತ್ತಿದ್ದರೇನೋ. ಹೆದರದೆ ಕೂತದ್ದನ್ನು ಸಹಿಸುವ ಆಸನ ಯಾವ ಮೇಷ್ಟ್ರೂ ಅವರಿಗೆ ಕಲಿಸಿರಲಿಲ್ಲ.

ಎಂಟು ತಿಂಗಳು ಕೂಡಿಟ್ಟದ್ದೆಲ್ಲ ಒಂದೇ ಸಲ ಹೊರಗೆ ಬಂತು. ಜಿಂಕೆಯ ಚರ್ಮ ಗೋಡೆಗೆ ಬಡಿಯಿತು. ತಾಮ್ರದ ತಂಬಿಗೆ ಹಜಾರ ದಾಟಿ ಅಂಗಳಕ್ಕೆ ಉರುಳಿತು. ಪಂಚೆ ಜಾರುತ್ತಿದೆ ಎಂಬ ಗೊಡವೆಯಿಲ್ಲದೆ ಶಿರಸ್ತೇದಾರರು ಕೂಗಿದ ಕೂಗಿಗೆ ಪಕ್ಕದ ಮನೆಯ ಹಂಚಿನ ಮೇಲಿದ್ದ ಕಾಗೆಗಳು ಎದ್ದವು. ಚರ್ಚಿಗೆ ಭಾನುವಾರದ ಪೂಜೆಗೆ ಹೊರಟಿದ್ದ ಲೂರ್ದುಮೇರಿ ಗೇಟಿನ ಹತ್ತಿರ ನಿಂತು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು.

ಚಾಮುಂಡಮ್ಮ ಕಾದಳು. ಹೊಟ್ಟೆಯೊಳಗೆ ಬಿಸಿ ಹೊರಳುತ್ತದೆ ಎಂದು ಕಾದಳು. ನಾಲಿಗೆ ಒಣಗುತ್ತದೆ ಎಂದು ಕಾದಳು. ಯಾವುದೂ ಬರಲಿಲ್ಲ. ಉಸಿರು ತನ್ನ ಪಾಡಿಗೆ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ಹೆದರಿಕೆ ಇಲ್ಲದ ಮೇಲೆ ಕಿವಿಗೆ ಬಿಡುವಾಯಿತು ನೋಡಿ, ಮದುವೆಯಾದ ಮೇಲೆ ಮೊದಲ ಸಲ ಗಂಡ ಏನು ಕೂಗುತ್ತಿದ್ದಾರೆಂದು ಅವಳು ಕೇಳಿಸಿಕೊಂಡಳು. ಎಣಿಸುವುದು ರೂಢಿಯಾಗಿತ್ತಲ್ಲ, ಎಣಿಸಿದಳು. ಒಟ್ಟು ನಾಲ್ಕೇ ವಾಕ್ಯ. ನಾನು ಯಾರು ಅಂದ್ಕೊಂಡಿದೀಯ. ನಿನ್ನ ಮನೆಯವರ ಯೋಗ್ಯತೆ ಗೊತ್ತು. ನನ್ನ ಅನ್ನ ತಿಂದು ನನಗೇ ಹೇಳ್ತೀಯ. ಹುಷಾರ್. ಇವೇ ನಾಲ್ಕು ತಿರುಗಿ ತಿರುಗಿ ಬರುತ್ತಿದ್ದವು. ಈ ನಾಲ್ಕು ವಾಕ್ಯಕ್ಕಾ ನಾನು ಇಷ್ಟು ವರ್ಷ ನಡುಗಿದ್ದು? ಅವಳಿಗೆ ನಿಜವಾಗಿ ನಾಚಿಕೆಯಾಯಿತು.

ಎದುರಿಗೆ ನಿಂತಿದ್ದವರು ಐವತ್ತು ದಾಟಿದ ಒಬ್ಬ ಗಂಡಸು. ಹಣೆಯ ನರ ಉಬ್ಬಿತ್ತು, ತುಟಿಯ ಕೊನೆಯಲ್ಲಿ ನೊರೆ ಬಂದಿತ್ತು.

"ಒಂಚೂರು ಕೂತ್ಕೊಳ್ಳಿ. ಪ್ರೆಷರ್ ಏರುತ್ತೆ" ಎಂದಳು. ಕೊಂಕಲ್ಲ, ನಿಜವಾದ ಕಾಳಜಿಯಿಂದಲೇ ಹೇಳಿದ್ದು. ಅದಕ್ಕೆ ಅವರ ದನಿ ಇನ್ನೊಂದು ಮೆಟ್ಟಿಲು ಏರಿತು.

"ಹೊಸ್ತಿಲು ದಾಟಿದ್ರೆ ತಿರುಗಿ ಈ ಮನೆಗೆ ಬರಕೂಡ್ದು!"

"ಆಯ್ತು" ಎಂದಳು ಚಾಮುಂಡಮ್ಮ.

ಭಯವಾಗಲಿಲ್ಲ ಎಂದರೆ ಆ ಮಾತಿನ ತೂಕ ಗೊತ್ತಿರಲಿಲ್ಲ ಎಂದಲ್ಲ. ಗಂಡ ಆಡಿದ ಮಾತನ್ನು ನಡೆಸುವವರೆಂದು ಅವಳಷ್ಟು ಬಲ್ಲವರು ಯಾರು? ವಯಸ್ಸು ನಲವತ್ತು. ಮಗಳು ಬೀಗರ ಮನೆಯಲ್ಲಿ, ತಮ್ಮನ ಮನೆಯಲ್ಲಿ ಅವನ ಮಕ್ಕಳೇ ಐದು. ಇದೆಲ್ಲ ಲೆಕ್ಕಕ್ಕೆ 'ಆಯ್ತು' ಅನ್ನುವ ಮೊದಲೇ ಬಂದಿತ್ತು. ಅವ್ವನನ್ನು ತಕ್ಕಡಿಯ ಇನ್ನೊಂದು ತಟ್ಟೆಗಿಟ್ಟು ತೂಗಿದಳು, ಅಷ್ಟೆ. ಎರಡು ಸೀರೆ ಗಂಟು ಕಟ್ಟಿಕೊಂಡಳು. ಹುಳಿ ಒಲೆಯ ಮೇಲಿದೆ, ಉಪ್ಪು ಕಮ್ಮಿ ಹಾಕಿದೀನಿ ಎಂದು ಹೇಳಿ ಮುಂಬಾಗಿಲಿನಿಂದಲೇ ಹೊರಟಳು.

ಗಾಡಿ ಪೇಟೆ ದಾಟಿ ಹುಣಸೂರು ರಸ್ತೆ ಹಿಡಿಯಿತು. ಹುಚ್ಚಣ್ಣ ದಾರಿಯುದ್ದಕ್ಕೂ ಅಳುತ್ತಿದ್ದ. "ನನ್ನಿಂದ ಆಗಿದ್ದು ಕಣಕ್ಕ ಇದೆಲ್ಲಾ, ಆವತ್ತು ನನ್ ಕಣ್ಣಿಗೇನ್ ಮಂಕು ಕವಿದಿತ್ತೋ" ಎಂದು ಇಪ್ಪತ್ತೆರಡು ವರ್ಷದಿಂದ ಹೇಳುತ್ತಿದ್ದ ಮಾತನ್ನೇ ಹೇಳಿದ. "ಸುಮ್ನಿರೋ, ನೀನು ಬಡಿಸ್ದೆ. ಎಲೆ ಬಿಟ್ಟು ಎದ್ದೋರು ಅವ್ರು" ಎಂದಳು ಅಕ್ಕ. ಅವನು ಎತ್ತುಗಳನ್ನು ನಿಲ್ಲಿಸಿ ಹಿಂತಿರುಗಿ ನೋಡಿದ. ಈ ಮಾತನ್ನು ಅವನಿಗೆ ಅದುವರೆಗೂ ಯಾರೂ ಹೇಳಿರಲಿಲ್ಲ.

ಬೆಟ್ಟಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಸೊಪ್ಪಿನ ಕಂತೆಗಳ ಹಿಂದೆ ಗಟ್ಟಿಯಾಗಿ ಕೂರುತ್ತಿದ್ದ ಹೆಂಗಸು ಈಗ ಕಂಬಳಿಯ ಕೆಳಗೆ ಇದ್ದಾಳೋ ಇಲ್ಲವೋ ಎನ್ನುವಷ್ಟಾಗಿದ್ದಳು. ಮಗಳು ಕೈ ಹಿಡಿದಾಗ ಕಣ್ಣು ಬಿಟ್ಟಳು. ಗುರುತು ಹಿಡಿಯಲು ಹೊತ್ತು ಬೇಕಾಗಲಿಲ್ಲ.

"ಚಾಮೀ, ಕಳ್ಸುದ್ರಾ ಅಳಿಯಂದ್ರು?"

"ಇಲ್ಲ ಕಣವ್ವ. ನಾನೇ ಬಂದೆ."

ಬೆಟ್ಟಮ್ಮ ಮಗಳ ಬೆರಳುಗಳನ್ನು ಒಂದೊಂದಾಗಿ ಸವರಿದಳು. ಆಮೇಲೆ ಕೇಳಿದಳು, "ನೀನೇ ಬರ್ಬೋದಿತ್ತಾ?"

ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ಮಗು ಕೇಳುವ ಹಾಗೆ ಕೇಳಿದ್ದಳು, ಗೊತ್ತಿಲ್ಲದ್ದನ್ನು ಗೊತ್ತು ಮಾಡಿಕೊಳ್ಳಲು. ಗಂಡನ ಎಲ್ಲ ಕೂಗಿಗೂ ಅಲುಗಾಡದಿದ್ದವಳು ಆ ಒಂದು ಪ್ರಶ್ನೆಗೆ ಕುಸಿದು ಕೂತಳು.

ಬೆಟ್ಟಮ್ಮ ಇನ್ನೂ ಆರು ದಿನ ಇದ್ದಳು. ಚಾಮುಂಡಮ್ಮ ಗಂಜಿಯ ನೀರನ್ನು ಚಮಚದಲ್ಲಿ ಬಿಟ್ಟಳು, ಜಡೆ ಬಿಡಿಸಿ ಎಣ್ಣೆ ಹಚ್ಚಿದಳು, ಒಂದೇ ಕಂಬಳಿಯಲ್ಲಿ ಪಕ್ಕದಲ್ಲಿ ಮಲಗಿದಳು. ಇಬ್ಬರೂ ಮಾತಾಡಿದರು. ಯಾವ ಕಂತೆಯನ್ನೂ ತಿರುಗಿಸಿ ನೋಡಬೇಕಾಗಿರಲಿಲ್ಲ, ಹಾಗಾಗಿ ಮಾತು ಬಹಳ ಹೊತ್ತು ನಡೆಯುತ್ತಿತ್ತು. ಏಳನೆಯ ದಿನ ಮಧ್ಯಾಹ್ನ ಅವ್ವನ ಉಸಿರು ಬದಲಾಯಿತು. ಮಿಕ್ಕವರಿಗೆ ತಿಳಿಯಲಿಲ್ಲ, ಇವಳಿಗೆ ತಿಳಿಯಿತು. ಹತ್ತಿರ ಕೂತು ಕೈ ಹಿಡಿದಳು. ಬಿಟ್ಟ ಒಂದು ಉಸಿರನ್ನು ಅವ್ವ ಮತ್ತೆ ಎಳೆದುಕೊಳ್ಳಲಿಲ್ಲ. ಚಾಮುಂಡಮ್ಮ ಬಾಯಿಬಿಟ್ಟು ಅತ್ತಳು, ಬೀದಿಯ ಆ ತುದಿಗೆ ಕೇಳುವ ಹಾಗೆ ಅತ್ತಳು. ಅಪ್ಪ ಸತ್ತಾಗ ಅಡಿಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತವಳು ತಾನೇನಾ ಎಂದು ಅವಳಿಗೇ ಆಶ್ಚರ್ಯವಾಗುವಷ್ಟು ಅತ್ತಳು.

ಹನ್ನೊಂದನೆಯ ದಿನ ತಿಥಿ. ಮಣ್ಣಿಗೂ ಬಾರದ ಮರಿಸ್ವಾಮಿಯವರು ತಿಥಿಗೆ ಬಂದರು. ಬಾರದೆ ವಿಧಿಯಿರಲಿಲ್ಲ. ಅತ್ತೆ ತೀರಿಕೊಂಡ ಸುದ್ದಿ ಕಚೇರಿಗೆ ಮುಟ್ಟಿತ್ತು. "ತಿಥಿ ಯಾವತ್ತು ಸಾರ್? ತಾವು ಹೋಗ್ತೀರಲ್ವಾ ಸಾರ್?" ಎಂದು ರುದ್ರಸ್ವಾಮಿ ಎಲ್ಲರ ಮುಂದೆ ಬಹಳ ವಿನಯದಿಂದ ಕೇಳಿದ್ದ. ಕೋಪವನ್ನು ಗೆದ್ದ ಬಗೆಯ ಮೇಲೆ ಭಾಷಣ ಮಾಡಿದವರು ಹೆಂಡತಿಯ ತಾಯಿಯ ತಿಥಿಗೆ ಹೋಗಲಿಲ್ಲ ಎಂದಾದರೆ ಮರ್ಯಾದೆ ಏನಾದೀತು? ಶಲ್ಯ ಹೊದ್ದು ಜಟಕಾದಲ್ಲಿ ಬಂದಿಳಿದರು. ಆಣೆ ಇತ್ತಲ್ಲ, ಹೊಸ್ತಿಲ ಈಚೆ ಅಂಗಳದಲ್ಲೇ ನಿಂತರು. ನೆಂಟರಿಷ್ಟರೆಲ್ಲ ಎದ್ದು ನಿಂತರು. ಯಾರೋ ಬೆಂಚು ತಂದು ಹಾಕಿದರು.

ಚಾಮುಂಡಮ್ಮ ಒಳಗಿನಿಂದ ಬಂದಳು. ಎಡೆ ಇಟ್ಟು ಆಗಷ್ಟೇ ಎದ್ದಿದ್ದಳು, ಕೆನ್ನೆ ಇನ್ನೂ ಒದ್ದೆಯಿತ್ತು.

"ಅಳ್ತಿದೀಯಲ್ಲ" ಎಂದರು ಮರಿಸ್ವಾಮಿ, ಸುತ್ತ ನಿಂತವರಿಗೂ ತಿಳಿವಳಿಕೆ ಬರಲಿ ಎನ್ನುವ ದನಿಯಲ್ಲಿ. "ಎಂಟು ತಿಂಗಳು ನನ್ನ ಎದುರಿಗೆ ಕೂತು ಕಲಿತಿದ್ದು ಇಷ್ಟೇನಾ?"

"ಅಳು ಬಂತು, ಅಳ್ತಿದೀನಿ."

ಅವರು ಶಲ್ಯ ಸರಿಮಾಡಿಕೊಂಡರು. "ಆಗಿದ್ದು ಆಗೋಯ್ತು. ನಾನು ಹೊರಡ್‌ಬೇಡ ಅಂದೆ, ನೀನು ಹೊರಟೆ. ಬೇರೆಯವರಾಗಿದ್ರೆ ಬಾಗಿಲು ತೆಗೀತಿರಲಿಲ್ಲ. ನಾನು ದೊಡ್ಡ ಮನಸ್ಸು ಮಾಡಿ ನಿನ್ನ ಕ್ಷಮಿಸಿದೀನಿ. ಜಟಕಾ ಕಾಯ್ತಿದೆ, ನಡಿ."

ಅಂಗಳದಲ್ಲಿದ್ದವರೆಲ್ಲ ಹಗುರಾಗಿ ಉಸಿರು ಬಿಟ್ಟರು. "ನೋಡವ್ವಾ, ದೊಡ್ಡೋರು ದೊಡ್ಡೋರೇ ಕಣಮ್ಮ. ಎದ್ದು ಹೋಗು, ಪುಣ್ಯಾತ್ಮ ತಾನೇ ಬಂದವ್ರೆ" ಎಂದಿತು ಒಂದು ಮುದಿ ಜೀವ. ಹುಚ್ಚಣ್ಣ ಅಕ್ಕನ ಗಂಟು ತರಲು ಒಳಗೆ ಓಡಿದ.

ಚಾಮುಂಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಹೊಟ್ಟೆಯೊಳಗೆ ಏನೋ ಏಳುತ್ತಿತ್ತು. ಹಳೆಯ ಪರಿಚಯದ್ದಲ್ಲ, ಇದಕ್ಕೆ ಹೊರಳಾಟವಿರಲಿಲ್ಲ. ನಿಧಾನವಾಗಿ, ನೆಟ್ಟಗೆ, ಆತುರವಿಲ್ಲದೆ ಮೇಲೆ ಬಂತು. ಇಷ್ಟು ವರ್ಷ ಹೆದರಿಕೆಯ ಅಡಿಯಲ್ಲಿ ಕೂತಿದ್ದದ್ದು ಇದು. ಹೆದರಿಕೆ ಎದ್ದು ಹೋದ ಮೇಲೆ ಇದಕ್ಕೆ ಜಾಗ ಸಿಕ್ಕಿತ್ತು. ಕೋಪ ಎಂದರೆ ಕೂಗಬೇಕು, ಎಸೆಯಬೇಕು ಎಂದು ಅವಳು ತಿಳಿದಿದ್ದಳು. ಇದು ಹಾಗೇನೂ ಕೇಳಲಿಲ್ಲ.

"ನಾನು ಕ್ಷಮಿಸಿಲ್ಲ ಕಣ್ರೀ" ಎಂದಳು. "ನೀವು ಹೊರಡಿ."